ಸಮುದ್ರದ ಕಾನೂನು ಯಾರನ್ನು ಕಾಯುತ್ತದೆ?



ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು 'ಸಮುದ್ರ ಭಾನುವಾರ'ವೆಂದು ಆಚರಿಸುತ್ತದೆ. ನಮ್ಮ ಕರಾವಳಿಯಲ್ಲಿ ಅದು ಮಳೆಗಾಲದ ನಡುಮಧ್ಯ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಆತು ನಿಂತಿರುತ್ತವೆ. ಬಲೆ ಹೆಣೆಯುವವರು ಚಪ್ಪರದಡಿ ಕುಳಿತಿರುತ್ತಾರೆ. ಆದರೆ ದೂರದ ಸಮುದ್ರದಲ್ಲಿ ದೊಡ್ಡ ಹಡಗುಗಳಿಗೆ ಮಳೆಗಾಲದ ರಜೆಯಿಲ್ಲ. ಜಗತ್ತಿನ ಸರಕು ವ್ಯಾಪಾರದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತಲೂ ಹೆಚ್ಚು ಹಡಗುಗಳ ಮೂಲಕವೇ ನಡೆಯುತ್ತದೆ. ನಮ್ಮ ಅಡುಗೆಮನೆಯ ಎಣ್ಣೆ, ಒಲೆಯ ಗ್ಯಾಸು, ಗದ್ದೆಯ ಗೊಬ್ಬರ, ಇವೆಲ್ಲದರ ಹಿಂದೆ ನಾವು ಎಂದೂ ಕಾಣದ ಒಬ್ಬ ನಾವಿಕನ ನಿದ್ದೆಗೆಟ್ಟ ರಾತ್ರಿಯಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಒಂಬತ್ತು ತಿಂಗಳ ಹಡಗಿನ ಕೆಲಸ ಮುಗಿಸಿ ಮನೆಗೆ ಬಂದಿದ್ದ. ಭಾನುವಾರದ ಬಲಿಪೂಜೆಯ ನಂತರ ನಮ್ಮನ್ನು ಕಾಣಲು ಬಂದಾಗ, "ಎಷ್ಟು ದೇಶ ನೋಡಿದೆ ಮಗಾ?" ಎಂದು ಕೇಳಿದೆವು. ಅವನು ನಕ್ಕು ಹೇಳಿದ: "ಹನ್ನೊಂದು ದೇಶದ ಬಂದರಿಗೆ ಹೋದೆ ಫಾದರ್. ಕಾಲಿಟ್ಟದ್ದು ಎರಡಕ್ಕೆ. ಉಳಿದ ಕಡೆ ಡೆಕ್ಕಿನ ಮೇಲೆ ನಿಂತು ಕ್ರೇನು ನೋಡಿದೆ." ಅವನ ತಾಯಿ ಪಕ್ಕದಲ್ಲೇ ಇದ್ದರು. "ಒಂದು ಕಡೆ ದೇವಾಲಯದ ಗಂಟೆ ಕೇಳಿಸುತ್ತಿತ್ತಂತೆ, ಗೇಟು ದಾಟಲು ಬಿಡಲಿಲ್ಲವಂತೆ ಫಾದರ್" ಎಂದರು. ಯಾಕೆ ಬಿಡಲಿಲ್ಲವೆಂದು ವಿಚಾರಿಸಿದರೆ ಹುಡುಗನದು ಒಂದೇ ಮಾತು: "ಸೆಕ್ಯುರಿಟಿ ರೂಲ್ಸ್."

ಆ ಮಾತು ನಮ್ಮನ್ನು ಓದಿಗೆ ಹಚ್ಚಿತು. ಈ ಭದ್ರತಾ ನಿಯಮಗಳು ಎಲ್ಲಿಂದ ಬಂದವು? ಯಾರಿಗಾಗಿ ಬಂದವು? ಹಡಗಿನವರನ್ನು ಕಾಯಲೆಂದು ಹುಟ್ಟಿದ ನಿಯಮ ಹಡಗಿನವರನ್ನೇ ಕೂಡಿಹಾಕುವಂತಾದದ್ದು ಹೇಗೆ? ಈ ಸಲದ ಸಮುದ್ರ ಭಾನುವಾರದ ನೆಪದಲ್ಲಿ ಆ ಇತಿಹಾಸವನ್ನು ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಕರಾವಳಿ ಕಂಡ ಮೊದಲ ಕಾಗದ

ಹಡಗಿಗೆ ಪರವಾನಗಿ ಎಂಬ ವಿಚಾರ ನಮ್ಮ ಕರಾವಳಿಗೆ ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ 'ಕರ್ತಾಜ್' ಎಂಬ ರಹದಾರಿ ಪದ್ಧತಿಯನ್ನು ತಂದರು. ಭಟ್ಕಳ, ಹೊನ್ನಾವರ, ಬಸ್ರೂರು, ಮಂಗಳೂರುಗಳಿಂದ ಅಕ್ಕಿ, ಮೆಣಸು ಹೊತ್ತು ಹೊರಡುವ ಹಡಗುಗಳು ಅವರಿಂದ ಈ ಕಾಗದ ಪಡೆಯಬೇಕಾಗಿತ್ತು. ಹಡಗಿನ ಹೆಸರು, ನಾಯಕನ ಹೆಸರು, ಇರುವ ಆಯುಧ, ಹೋಗುವ ಊರು, ಎಲ್ಲವೂ ಅದರಲ್ಲಿ ನಮೂದಾಗಬೇಕು. ಅವರು ಹೇಳಿದ ಬಂದರಿಗೆ ಬಂದು ಸುಂಕ ಕಟ್ಟಬೇಕು. ಕಾಗದವಿಲ್ಲದ ಹಡಗು ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ಒತ್ತಡಕ್ಕೆ ಮಣಿಯದೆ ಹೋರಾಡಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ತನ್ನ ಹಡಗು ತನ್ನ ಸಮುದ್ರದಲ್ಲಿ ಸಾಗಲು ಇನ್ನೊಬ್ಬರ ಅಪ್ಪಣೆ ಯಾಕೆ ಎಂಬ ಪ್ರಶ್ನೆ ಆ ಹೋರಾಟದ ಹಿಂದೆ ಇತ್ತು.

ಇಲ್ಲಿ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿಯ ಬರಹದಿಂದ ತಿಳಿದುಬರುವಂತೆ, ಹಜ್ ಯಾತ್ರೆಗೆ ಹೊರಟವರು ಕೊಳ್ಳಬೇಕಾಗಿದ್ದ ಆ ಕಾಗದದ ಮೇಲೆ ಯೇಸುಸ್ವಾಮಿ ಮತ್ತು ಮಾತೆ ಮರಿಯಮ್ಮನವರ ಚಿತ್ರಗಳಿದ್ದವು. ಸಮುದ್ರದ ನಕ್ಷತ್ರವೆಂದು ನಾವಿಕರು ಕೈಮುಗಿಯುವ ತಾಯಿಯ ಚಿತ್ರವನ್ನು ಇನ್ನೊಂದು ಧರ್ಮದ ಯಾತ್ರಿಕರ ಕೈಗೆ ಬಲವಂತದ ರಸೀದಿಯಾಗಿ ಕೊಡಲಾಗಿತ್ತು. ಕರ್ತಾಜನ್ನು 'ರಕ್ಷಣಾಪತ್ರ' ಎಂದೇ ಹೇಳಿಕೊಳ್ಳಲಾಗುತ್ತಿತ್ತು. ಆದರೆ ರಕ್ಷಣೆ ಬೇಕಾಗಿದ್ದದ್ದು ಬಹುಮಟ್ಟಿಗೆ ಆ ಕಾಗದ ಕೊಟ್ಟವರಿಂದಲೇ.

ಆದ್ದರಿಂದ ಸಮುದ್ರದ ಯಾವುದೇ ನಿಯಮವನ್ನು ಕಂಡಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಕಾಗದ ಯಾರನ್ನು ಕಾಯುತ್ತದೆ?

ಹಡಗಿನ ಮೈಮೇಲೊಂದು ಗೆರೆ

ಮುನ್ನೂರು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಕಾನೂನು ಹುಟ್ಟಿತು. ಅಲ್ಲಿ ಆ ಕಾಲಕ್ಕೆ 'ಶವಪೆಟ್ಟಿಗೆ ಹಡಗು' ಎಂಬ ಮಾತು ರೂಢಿಯಲ್ಲಿತ್ತು. ಹಳೆಯ, ಕೊಳೆತ ಹಡಗಿಗೆ ಮಿತಿಮೀರಿ ಸರಕು ತುಂಬಿಸಿ, ಅದರ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿ ಕಳುಹಿಸುವ ಮಾಲೀಕರಿದ್ದರು. ಹಡಗು ದಡ ಸೇರಿದರೂ ಲಾಭ, ಮುಳುಗಿದರೂ ಲಾಭ. ನಷ್ಟವೇನಿದ್ದರೂ ನಾವಿಕನ ಹೆಂಡತಿ ಮಕ್ಕಳಿಗೆ. ಒಮ್ಮೆ ಸಹಿ ಹಾಕಿದ ಮೇಲೆ, ಈ ಹಡಗು ಸರಿಯಿಲ್ಲ, ಹತ್ತುವುದಿಲ್ಲ ಎಂದ ನಾವಿಕರನ್ನು ಕಾನೂನು ಜೈಲಿಗೆ ಹಾಕುತ್ತಿತ್ತು. ಅಂದರೆ ಕಾನೂನು ಇತ್ತು; ಅದು ಕಾಯುತ್ತಿದ್ದದ್ದು ಮಾಲೀಕನನ್ನು.

ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಕಲ್ಲಿದ್ದಲು ವ್ಯಾಪಾರಿ 1868ರಲ್ಲಿ ಡರ್ಬಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. 1873ರಲ್ಲಿ 'ನಮ್ಮ ನಾವಿಕರು' ಎಂಬರ್ಥದ ಹೆಸರಿನ ಪುಸ್ತಕ ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. 1875ರ ಜುಲೈಯಲ್ಲಿ ಪ್ರಧಾನಿ ಡಿಸ್ರೇಲಿಯವರ ಸರ್ಕಾರ ಹಡಗು ಮಸೂದೆಯನ್ನು ಕೈಬಿಟ್ಟಾಗ ಅವರು ಸದನದಲ್ಲೇ ಸಿಡಿದೆದ್ದರು. ಸಭಾಮರ್ಯಾದೆ ಮೀರಿದ ಅವರ ಕೋಪ ಸದಸ್ಯರಿಗೆ ರುಚಿಸಲಿಲ್ಲ, ಆದರೆ ಜನರ ಮನಸ್ಸನ್ನು ತಟ್ಟಿತು. ಮಾರನೆಯ ವರ್ಷ, ಅಂದರೆ 1876ರಲ್ಲಿ, ಹಡಗಿನ ಹೊರಮೈಯಲ್ಲಿ ಭಾರದ ಗೆರೆ ಎಳೆಯುವುದು ಕಡ್ಡಾಯವಾಯಿತು.

ಆದರೂ ಒಂದು ಕಿಂಡಿ ಉಳಿದಿತ್ತು. ಗೆರೆ ಕಡ್ಡಾಯ, ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಇಷ್ಟ! ಗೆರೆಯ ಸ್ಥಾನವನ್ನೂ ಕಾನೂನೇ ನಿಗದಿಪಡಿಸಲು 1890ರವರೆಗೆ ಕಾಯಬೇಕಾಯಿತು. ನಿಯಮವನ್ನು ಪಾಲಿಸಿದಂತೆ ಕಾಣಿಸುವುದು ಬೇರೆ, ಪಾಲಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1930ರಲ್ಲಿ, ಮತ್ತೆ 1966ರಲ್ಲಿ, ಈ ಗೆರೆ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಇಂದಿಗೂ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಸರಕು ಹಡಗಿನ ಪಕ್ಕೆಯಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ, ಪಕ್ಕದಲ್ಲಿ ಬೇಸಿಗೆಗೆ, ಚಳಿಗಾಲಕ್ಕೆ, ಉಷ್ಣವಲಯಕ್ಕೆ, ಸಿಹಿನೀರಿಗೆ ಬೇರೆ ಬೇರೆ ಗುರುತುಗಳನ್ನು ಕಾಣಬಹುದು. ನೀರು ಆ ಗುರುತು ದಾಟುವಂತೆ ಸರಕು ತುಂಬುವಂತಿಲ್ಲ.

ಕಾನೂನು ಪಾಲಿಸಿದ ಹಡಗು

ಇನ್ನೊಂದು ಪಾಠ 1912ರದು. ಆ ವರ್ಷದ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಬಂಡೆಗೆ ಬಡಿದು, ಮರುದಿನ ನಸುಕಿಗೂ ಮುನ್ನ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ಜೀವರಕ್ಷಕ ದೋಣಿಗಳು 20. ಅವುಗಳಲ್ಲಿ ಹಿಡಿಸುತ್ತಿದ್ದವರು 1,178. ಸತ್ತವರು ಸುಮಾರು 1,500.

ಬಹಳ ಮಂದಿಗೆ ತಿಳಿಯದ ವಿಷಯವೆಂದರೆ, ಟೈಟಾನಿಕ್ ಈ ವಿಷಯದಲ್ಲಿ ಕಾನೂನನ್ನು ಮುರಿದಿರಲಿಲ್ಲ. 1894ರ ಬ್ರಿಟಿಷ್ ನಿಯಮದ ಪ್ರಕಾರ ಹತ್ತು ಸಾವಿರ ಟನ್ ಮೀರಿದ ಹಡಗಿಗೆ ಹದಿನಾರು ದೋಣಿ ಸಾಕಾಗಿತ್ತು. ಟೈಟಾನಿಕ್ ನಲವತ್ತಾರು ಸಾವಿರ ಟನ್ನಿನದು. ಹಡಗು ಬೆಳೆಯಿತು, ನಿಯಮ ಬೆಳೆಯಲಿಲ್ಲ. ಕಡತದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಬೇಕಾದದ್ದಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇತ್ತು!

ಆ ಹಡಗಿನಲ್ಲಿ ಥಾಮಸ್ ಬೈಲ್ಸ್ ಎಂಬ ಇಂಗ್ಲೆಂಡಿನ ಧರ್ಮಕೇಂದ್ರದ ಗುರುಗಳಿದ್ದರು. ತಮ್ಮನ ಮದುವೆ ಮಾಡಿಸಲು ನ್ಯೂಯಾರ್ಕಿಗೆ ಹೊರಟಿದ್ದವರು. ಅಂದು ಭಾನುವಾರ ಬೆಳಗ್ಗೆ ಪ್ರಯಾಣಿಕರಿಗಾಗಿ ಬಲಿಪೂಜೆ ಅರ್ಪಿಸಿದ್ದ ಅವರು ರಾತ್ರಿ ದೋಣಿ ಹತ್ತಲು ಒಪ್ಪಲಿಲ್ಲ. ಮೂರನೆಯ ದರ್ಜೆಯ ಬಡವರನ್ನು ಮೇಲಿನ ಡೆಕ್ಕಿಗೆ ಕರೆತಂದು, ಪಾಪನಿವೇದನೆ ಕೇಳುತ್ತ, ಜಪಸರ ಹೇಳಿಸುತ್ತ ಅವರೊಂದಿಗೇ ಪ್ರಾಣ ಬಿಟ್ಟರು. ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟವರ ಬಳಿ ಅವರು ನಿಂತರು.

ಈ ದುರಂತದಿಂದಾಗಿ 1914ರ ಜನವರಿಯಲ್ಲಿ ಲಂಡನ್ನಿನಲ್ಲಿ 'ಸೋಲಾಸ್' ಎಂದು ಕರೆಯಲಾಗುವ, ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದವಾಯಿತು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗವಿರಬೇಕು, ರೇಡಿಯೊ ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಿರಬೇಕು, ಹಿಮಬಂಡೆಗಳ ಮೇಲೆ ಕಾವಲಿರಬೇಕು ಎಂದು ಅದು ಹೇಳಿತು. ಮಹಾಯುದ್ಧದ ಕಾರಣ ಅದು ಜಾರಿಗೆ ಬರುವುದು ತಪ್ಪಿತು. 1929, 1948, 1960ರಲ್ಲಿ ಹೊಸ ರೂಪ ಪಡೆದು, 1974ರ ಒಪ್ಪಂದವಾಗಿ ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ.

ಈ ಪಾಠ ಎಲ್ಲೆಡೆ ಒಂದೇ ಸಲ ತಲುಪಲಿಲ್ಲ. ನಮ್ಮ ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದಾಗ, 1947ರ ಜುಲೈ 17ರಂದು, ಮುಂಬಯಿಯಿಂದ ರೇವಸ್‌ಗೆ ಹೊರಟಿದ್ದ 'ರಾಮದಾಸ' ಎಂಬ ಪ್ರಯಾಣಿಕರ ಹಡಗು ಮಳೆಗಾಲದ ಅಲೆಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಮಹಾನಗರದ ಕಣ್ಣಳತೆಯಲ್ಲೇ ಇದ್ದ ಆ ಹಡಗಿನಲ್ಲಿ ಸುದ್ದಿ ಮುಟ್ಟಿಸಲು ರೇಡಿಯೊ ಇರಲಿಲ್ಲ.

ಇನ್ನೂ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1987ರ ಮಾರ್ಚ್ 6ರಂದು ಬೆಲ್ಜಿಯಮಿನ ಜೀಬ್ರುಗ್ ಬಂದರಿನಿಂದ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ಹಡಗು ಅರ್ಧ ಗಂಟೆಯೊಳಗೆ ಮಗುಚಿ 193 ಮಂದಿ ಸತ್ತರು. ಕಾರಣವೇನು? ವಾಹನಗಳನ್ನು ಒಳಗೆ ಬಿಡುವ ಮುಂಬದಿಯ ಬಾಗಿಲನ್ನು ಮುಚ್ಚಿರಲಿಲ್ಲ. ಮುಚ್ಚಬೇಕಾದವನು ನಿದ್ದೆಯಲ್ಲಿದ್ದ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕ್ಯಾಪ್ಟನ್ನಿಗೆ ತಿಳಿಸಲು ಒಂದು ಸಣ್ಣ ದೀಪ ಹಾಕಿಸಿಕೊಡಿ ಎಂದು ಹಡಗಿನ ಅಧಿಕಾರಿಗಳು ಮೊದಲೇ ಕೇಳಿದ್ದರು. ಕಚೇರಿಯಲ್ಲಿ ಕುಳಿತವರು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ವಿಚಾರಣೆಯು ನಿದ್ದೆಹೋದವನನ್ನು ಮಾತ್ರವಲ್ಲ, ದಡದ ಕಚೇರಿಯನ್ನೂ ದೂಷಿಸಿತು. ಈ ದುರಂತದ ಪಾಠದಿಂದ 1993ರಲ್ಲಿ ಸುರಕ್ಷತಾ ನಿರ್ವಹಣೆಯ ಸಂಹಿತೆ ಸಿದ್ಧವಾಗಿ, 1998ರ ಜುಲೈಯಿಂದ ಕಡ್ಡಾಯವಾಗತೊಡಗಿತು. ಹಡಗಿನ ಸುರಕ್ಷೆಗೆ ಹಡಗಿನವರಷ್ಟೇ ಅಲ್ಲ, ಕಂಪನಿಯೂ ಹೊಣೆ ಎಂಬುದು ಅದರ ತಿರುಳು.

ಭಯ ತಂದ ನಿಯಮ

ಇಷ್ಟೂ ಅಪಘಾತಗಳ ಕಥೆ. ಇನ್ನು ಮುಂದಿನದು ದ್ವೇಷದ ಕಥೆ. 1985ರ ಅಕ್ಟೋಬರ್ 7ರಂದು ಈಜಿಪ್ಟಿನ ಬಳಿ 'ಅಕಿಲೆ ಲೌರೊ' ಎಂಬ ಇಟಲಿಯ ಪ್ರವಾಸಿ ಹಡಗನ್ನು ನಾಲ್ವರು ಬಂದೂಕುಧಾರಿಗಳು ವಶಪಡಿಸಿಕೊಂಡರು. ಗಾಲಿಕುರ್ಚಿಯಲ್ಲಿದ್ದ 69 ವರ್ಷದ ಲಿಯಾನ್ ಕ್ಲಿಂಗ್‌ಹಾಫರ್ ಎಂಬ ಯೆಹೂದಿ ಅಮೆರಿಕನ್ನರನ್ನು ಕೊಂದು ಸಮುದ್ರಕ್ಕೆ ಎಸೆದರು. ಆ ನಾಲ್ವರೂ ಟಿಕೆಟ್ ಪಡೆದು ಪ್ರಯಾಣಿಕರಾಗಿಯೇ ಹಡಗು ಹತ್ತಿದ್ದವರು. 1988ರಲ್ಲಿ ರೋಮ್ ನಗರದಲ್ಲಿ ಹಡಗುಗಳ ಮೇಲಿನ ಹಿಂಸಾಕೃತ್ಯಗಳನ್ನು ಹತ್ತಿಕ್ಕುವ ಒಪ್ಪಂದವಾಯಿತು. ಅದಕ್ಕನುಗುಣವಾಗಿ ಭಾರತ 2002ರಲ್ಲಿ ತನ್ನದೇ ಕಾಯ್ದೆ ಮಾಡಿತು.

2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನೇ ಆಯುಧ ಮಾಡಿಕೊಂಡದ್ದನ್ನು ಕಂಡ ಜಗತ್ತು, ನಾಳೆ ಹಡಗನ್ನೂ ಹಾಗೆ ಬಳಸಿದರೆ ಏನು ಗತಿ ಎಂದು ಹೆದರಿತು. 2002ರ ಅಕ್ಟೋಬರ್‌ನಲ್ಲಿ ಯೆಮನ್ ಬಳಿ 'ಲಿಂಬರ್ಗ್' ಎಂಬ ತೈಲ ಹಡಗಿನ ಮೇಲೆ ಸ್ಫೋಟಕ ತುಂಬಿದ ದೋಣಿ ನುಗ್ಗಿದಾಗ ಆ ಹೆದರಿಕೆ ನಿಜವಾಯಿತು. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು ಹಡಗು ಮತ್ತು ಬಂದರು ಭದ್ರತೆಯ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ನಾವಿಕರು ಇದನ್ನು 'ಐ.ಎಸ್.ಪಿ.ಎಸ್. ಕೋಡ್' ಎನ್ನುತ್ತಾರೆ. 2004ರ ಜುಲೈ 1ರಿಂದ ಇದು ಜಾರಿಯಲ್ಲಿದೆ.

ಇದರ ಕ್ರಮ ಹೀಗೆ. ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕರ ಹಡಗುಗಳು, 500 ಟನ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳು, ಅವು ಬರುವ ಬಂದರುಗಳು, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಹಡಗಿನಲ್ಲಿ ಒಬ್ಬ, ಕಂಪನಿಯಲ್ಲಿ ಒಬ್ಬ, ಬಂದರಿನಲ್ಲಿ ಒಬ್ಬ ಭದ್ರತಾ ಅಧಿಕಾರಿ ಇರಬೇಕು. ಅಪಾಯವನ್ನಳೆದು ಸರ್ಕಾರ ಮೂರು ಹಂತಗಳಲ್ಲಿ ಒಂದನ್ನು ಘೋಷಿಸುತ್ತದೆ: ಒಂದನೆಯದು ದಿನನಿತ್ಯದ ಎಚ್ಚರ, ಎರಡನೆಯದು ಹೆಚ್ಚಿದ ಅಪಾಯ, ಮೂರನೆಯದು ದಾಳಿ ಖಚಿತವೆನ್ನುವಂಥ ಸ್ಥಿತಿ. ಹಡಗಿನ ಏಣಿಯ ಬಳಿ ಕಾವಲುಗಾರನಿರಬೇಕು. ಹತ್ತುವ ಇಳಿಯುವ ಪ್ರತಿಯೊಬ್ಬರ ಗುರುತು ನೋಡಿ ಪುಸ್ತಕದಲ್ಲಿ ಬರೆಯಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆ ಅಣಕು ಕವಾಯತು ನಡೆಸಬೇಕು. ಹಡಗಿನಲ್ಲೊಂದು ಗುಪ್ತ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಹಡಗಿನಲ್ಲಿ ಸದ್ದಾಗುವುದಿಲ್ಲ, ದೂರದ ದಡಕ್ಕೆ ಸುದ್ದಿ ಹೋಗುತ್ತದೆ. ಇವೆಲ್ಲ ಇದ್ದರೆ ಮಾತ್ರ ಭದ್ರತಾ ಪ್ರಮಾಣಪತ್ರ. ಅದಿಲ್ಲದ ಹಡಗನ್ನು ಬಂದರು ತಡೆದು ನಿಲ್ಲಿಸಬಹುದು, ಹೊರಗೆ ಕಳುಹಿಸಲೂಬಹುದು.

ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಹುಡುಗರು ಕೆಲಸ ಮಾಡುವ ಹಡಗಿಗೆ ಯಾರೋ ಅಪರಿಚಿತ ಬಾಂಬು ಹೊತ್ತು ಹತ್ತಬಾರದೆಂಬುದೇ ಇದರ ಉದ್ದೇಶ. ನಿಯಮ ಬೇಡವೆನ್ನುವವರು ಅಕಿಲೆ ಲೌರೊವನ್ನು ನೆನೆಯಲಿ.

ಮುಚ್ಚಿದ ಗೇಟು

ಆದರೆ ನಮ್ಮ ಹುಡುಗ ಕಂಡ ಮುಚ್ಚಿದ ಗೇಟು? ಅದು ಈ ಸಂಹಿತೆಯಲ್ಲಿ ಬರೆದದ್ದೇ? ಇಲ್ಲ ಎಂಬುದೇ ನಮಗೆ ಅಚ್ಚರಿ ತಂದ ವಿಷಯ. ಸಂಹಿತೆಯ ಮುನ್ನುಡಿಯೇ ನಾವಿಕರ ಮೂಲಭೂತ ಹಕ್ಕುಗಳಿಗೆ ಧಕ್ಕೆಯಾಗುವಂತೆ ಇದನ್ನು ಅರ್ಥೈಸಬಾರದು ಎನ್ನುತ್ತದೆ. ಹಡಗೇ ಅವರ ಮನೆ ಮತ್ತು ಕೆಲಸದ ಜಾಗವಾದ್ದರಿಂದ ಅವರಿಗೆ ದಡಕ್ಕಿಳಿಯುವ ಬಿಡುವು, ವೈದ್ಯರ ನೆರವು ಬೇಕು ಎಂಬುದನ್ನೂ ನೆನಪಿಸುತ್ತದೆ. ಪ್ರತಿ ಬಂದರಿನ ಭದ್ರತಾ ಯೋಜನೆಯಲ್ಲಿ, ನಾವಿಕರು ದಡಕ್ಕಿಳಿಯಲು ಅನುಕೂಲ ಮಾಡಿಕೊಡುವ ಕ್ರಮ, ನಾವಿಕರ ಕ್ಷೇಮಪಾಲನಾ ಸಂಸ್ಥೆಯವರು ಹಡಗಿಗೆ ಬರಲು ಅನುವು ಮಾಡಿಕೊಡುವ ಕ್ರಮ, ಎರಡೂ ಇರಲೇಬೇಕು.

ಹಾಗಿದ್ದರೂ ಗೇಟು ಮುಚ್ಚಿದ್ದು ಹೇಗೆ? ಕಾನೂನಿನ ಅರ್ಧ ಮಾತ್ರ ಓದುವುದು ಸುಲಭವಾದ್ದರಿಂದ. ಯಾರನ್ನೂ ಒಳಗೆ ಬಿಡದಿದ್ದರೆ, ಯಾರನ್ನೂ ಹೊರಗೆ ಬಿಡದಿದ್ದರೆ, ಕಾವಲುಗಾರನಿಗೆ ತೊಂದರೆಯಿಲ್ಲ, ಕಡತಕ್ಕೂ ತೊಂದರೆಯಿಲ್ಲ. ಅಮೆರಿಕವು 2004ರಲ್ಲಿ ಇಡೀ ಹಡಗಿನ ಸಿಬ್ಬಂದಿಗೆ ಒಟ್ಟಾಗಿ ಕೊಡುತ್ತಿದ್ದ ವೀಸಾವನ್ನು ನಿಲ್ಲಿಸಿತು. ಪ್ರತ್ಯೇಕ ವೀಸಾ ಇಲ್ಲದವನು ಡೆಕ್ಕಿನ ಮೇಲೆಯೇ ಉಳಿಯಬೇಕಾಯಿತು. ಕೆಲವು ಖಾಸಗಿ ಧಕ್ಕೆಗಳಲ್ಲಿ ಹಡಗಿನಿಂದ ಗೇಟಿನವರೆಗಿನ ಸ್ವಲ್ಪ ದೂರಕ್ಕೂ ನಾವಿಕರಿಂದ ದುಬಾರಿ ಹಣ ಕೇಳುತ್ತಿದ್ದರು. ಅದನ್ನು ತಪ್ಪಿಸಲು ಅಮೆರಿಕದ ಕರಾವಳಿ ರಕ್ಷಣಾ ಪಡೆಯೇ 2019ರಲ್ಲಿ, ನಾವಿಕರಿಗೆ ಗೇಟಿನವರೆಗೆ ಖರ್ಚಿಲ್ಲದೆ, ತಡವಿಲ್ಲದೆ ದಾರಿ ಕೊಡಬೇಕೆಂದು ನಿಯಮ ಮಾಡಬೇಕಾಯಿತು. ತಿಂಗಳುಗಟ್ಟಲೆ ಕಡಲಲ್ಲಿದ್ದವನಿಗೆ ಒಂದು ಗಂಟೆ ನೆಲದ ಮೇಲೆ ನಡೆಯುವುದು, ಒಂದು ಸಿಮ್ ಕಾರ್ಡ್ ಕೊಳ್ಳುವುದು, ದೇವಾಲಯದಲ್ಲಿ ಮೊಣಕಾಲೂರುವುದು ಎಷ್ಟು ದೊಡ್ಡದೆಂದು ದಡದಲ್ಲಿರುವ ನಮಗೆ ತಿಳಿಯುವುದಿಲ್ಲ.

ಈ ತಪ್ಪನ್ನು ತಿದ್ದಲು ಕಾನೂನೇ ಮುಂದಾಯಿತು ಎಂಬುದು ಸಮಾಧಾನದ ಸಂಗತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2003ರಲ್ಲಿ ನಾವಿಕರ ಗುರುತುಪತ್ರದ ಒಪ್ಪಂದವನ್ನೂ, 2006ರಲ್ಲಿ ಕಡಲ ಕಾರ್ಮಿಕರ ಒಪ್ಪಂದವನ್ನೂ ಮಾಡಿತು. ಎರಡನೆಯದು 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಭಾರತ ಇವೆರಡನ್ನೂ 2015ರಲ್ಲಿ ಒಪ್ಪಿತು. 2019ರಲ್ಲಿ ನಮ್ಮ ನಾವಿಕರಿಗೆ ಬಯೋಮೆಟ್ರಿಕ್ ಗುರುತುಪತ್ರ ಕೊಡಲಾರಂಭಿಸಿತು. ಸಂಬಳ, ವಿಶ್ರಾಂತಿಯ ಗಂಟೆ, ಊಟ, ಚಿಕಿತ್ಸೆ, ಊರಿಗೆ ಮರಳುವ ಖರ್ಚು, ದಡಕ್ಕಿಳಿಯುವ ಬಿಡುವು, ಇವೆಲ್ಲ ಈಗ ನಾವಿಕನ ಹಕ್ಕುಗಳು.

ಆದರೂ 2020ರಲ್ಲಿ ಕೊರೋನಾ ಬಂದಾಗ ಗೇಟುಗಳು ಮತ್ತೆ ಮುಚ್ಚಿದವು. ಒಪ್ಪಂದದ ಅವಧಿ ಮುಗಿದರೂ ಮನೆಗೆ ಹೋಗಲಾಗದೆ ಹಡಗಿನಲ್ಲೇ ಸಿಲುಕಿದವರು ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು ನಾಲ್ಕು ಲಕ್ಷವೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜು ಮಾಡಿತು. ಜಗದ್ಗುರು ಫ್ರಾನ್ಸಿಸರು ಆ ಜೂನ್ ತಿಂಗಳಲ್ಲಿ ನಾವಿಕರಿಗೆಂದೇ ವೀಡಿಯೊ ಸಂದೇಶ ನೀಡಿದರು. ಆ ದಿನಗಳಲ್ಲಿ ನಮಗೆ ಅಕ್ಕಿ, ಔಷಧಿ ತಲುಪಿದ್ದು ಈ ಸಿಲುಕಿದವರ ದುಡಿಮೆಯಿಂದ.

ನಮ್ಮ ದಡದ ನೋವುಗಳು

ಈ ದೊಡ್ಡ ಸಂಹಿತೆಗೆ ಸಿಗದ ಸಣ್ಣ ದೋಣಿಗಳ ಕಥೆಯೂ ಇದೆ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದ ಹತ್ತು ಮಂದಿ ಗುಜರಾತಿನ 'ಕುಬೇರ' ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು, ಅದರಲ್ಲಿದ್ದ ಬಡ ಮೀನುಗಾರರನ್ನು ಕೊಂದು ಬಂದಿದ್ದರು. ಬಂದರಿನ ಕಾವಲು ಏನೂ ಮಾಡುವಂತಿರಲಿಲ್ಲ. ಮೀನುಗಾರಿಕಾ ಬೋಟು ಆ ಸಂಹಿತೆಯೊಳಗೆ ಬರುವುದೇ ಇಲ್ಲ. ಆ ಬಳಿಕ ಬೋಟುಗಳ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಗುರುತುಚೀಟಿ, ಕರಾವಳಿ ಪೊಲೀಸ್ ಠಾಣೆಗಳು ಬಿಗಿಯಾದವು. ನಮ್ಮ ರಾಜ್ಯದ ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ.

2012ರ ಫೆಬ್ರವರಿ 15ರಂದು ಕೇರಳದ ಕಡಲಿನಲ್ಲಿ 'ಸೇಂಟ್ ಆಂಟನಿ' ಎಂಬ ಬೋಟಿನಲ್ಲಿದ್ದ ಇಬ್ಬರು ಮೀನುಗಾರರು ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ್ದು 'ಎನ್ರಿಕಾ ಲೆಕ್ಸಿ' ಎಂಬ ತೈಲ ಹಡಗಿನಲ್ಲಿದ್ದ ಇಟಲಿಯ ನೌಕಾಪಡೆಯ ಕಾವಲುಗಾರರು. ಸೊಮಾಲಿಯಾದ ಕಡಲ್ಗಳ್ಳರೆಂದು ಭಾವಿಸಿದೆವೆಂಬುದು ಅವರ ವಾದ. ವರ್ಷಗಳ ವ್ಯಾಜ್ಯದ ನಂತರ ಇಟಲಿ ಹತ್ತು ಕೋಟಿ ರೂಪಾಯಿ ಪರಿಹಾರ ಕೊಟ್ಟ ಮೇಲೆ 2021ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪ್ರಕರಣವನ್ನು ಮುಗಿಸಿತು. ಭಯದ ಕಣ್ಣಿಗೆ ಮೀನುಗಾರನೂ ಕಳ್ಳನಾಗಿ ಕಂಡಿದ್ದ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟನ್ನು ನಾವು ಮರೆತಿಲ್ಲ. ಏಳು ಮಂದಿ ಮೀನುಗಾರರಿದ್ದ ಆ ಬೋಟಿನ ಸಂಪರ್ಕ ಎರಡೇ ದಿನಗಳಲ್ಲಿ ತಪ್ಪಿತು. ಮನೆಯವರು ನಾಲ್ಕೂವರೆ ತಿಂಗಳು ಕಾದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡಿತು. ಏಳು ಮಂದಿಯಲ್ಲಿ ಯಾರೂ ಮರಳಲಿಲ್ಲ. ಈಗ ಸರ್ಕಾರ ಬೋಟುಗಳಿಗೆ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರ್ ಅಳವಡಿಸಿಕೊಡುತ್ತಿದೆ. ನಮ್ಮ ತಾಂಡೇಲರಲ್ಲಿ ನಮ್ಮದೊಂದು ವಿನಂತಿ: ಅದನ್ನು ಪೊಲೀಸರ ಕಣ್ಣೆಂದು ತಿಳಿದು ಆರಿಸಿಡಬೇಡಿ. ನೀವು ಕಷ್ಟದಲ್ಲಿದ್ದಾಗ ಮನೆಯವರು ನಿಮ್ಮನ್ನು ಹುಡುಕಲು ಇರುವ ದೀಪ ಅದು. ಜೀವರಕ್ಷಕ ಜಾಕೆಟ್ಟನ್ನು ತಪಾಸಣೆಯ ದಿನಕ್ಕೆಂದು ಕಟ್ಟಿಡಬೇಡಿ.

ಹಡಗಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರಿಗೂ ಒಂದು ಮಾತು. ಕೆಲಸ ಕೊಡಿಸುವ ಏಜೆಂಟರಿಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ 'ಆರ್.ಪಿ.ಎಸ್.ಎಲ್.' ಪರವಾನಗಿ ಇದೆಯೇ ಎಂದು ಮೊದಲು ನೋಡಿ. ಕೆಲಸ ಕೊಡಿಸುವುದಕ್ಕೆಂದು ನಾವಿಕನಿಂದ ಹಣ ಕೇಳುವಂತಿಲ್ಲ ಎಂಬುದು 2006ರ ಒಪ್ಪಂದದ ಸ್ಪಷ್ಟ ಮಾತು. ಚಿನ್ನ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟು ಮೋಸಹೋದ ಕುಟುಂಬಗಳ ಕಣ್ಣೀರನ್ನು ನಾವು ಕಂಡಿದ್ದೇವೆ. 1958ರ ವಾಣಿಜ್ಯ ಹಡಗು ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದೆ. ಆದರೆ ಕಾನೂನು ಎಷ್ಟೇ ಹೊಸದಾದರೂ, ಅದನ್ನು ತಿಳಿದು ಕೇಳುವವರಿದ್ದಾಗ ಮಾತ್ರ ಅದಕ್ಕೆ ಜೀವ.

ಮಾಲ್ಟಾ ದಡದಲ್ಲಿ ಒಬ್ಬ ಶತಾಧಿಪತಿ

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿ ಸಂತ ಪೌಲರ ಹಡಗು ಒಡೆದ ಪ್ರಸಂಗವಿದೆ. ಕಾಲ ಸರಿಯಿಲ್ಲ, ಹೊರಡಬೇಡಿ ಎಂದು ಪೌಲರು ಎಚ್ಚರಿಸಿದ್ದರು. ಶತಾಧಿಪತಿ ಅವರ ಮಾತಿಗಿಂತ ಹಡಗಿನ ಯಜಮಾನನ ಮಾತನ್ನು ನಂಬಿದ. ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯತೊಡಗಿದಾಗ ಸೈನಿಕರು ಒಂದು ನಿರ್ಧಾರಕ್ಕೆ ಬಂದರು: ಸೆರೆಯಾಳುಗಳು ಈಜಿ ತಪ್ಪಿಸಿಕೊಳ್ಳದಂತೆ ಎಲ್ಲರನ್ನೂ ಕೊಂದುಬಿಡುವುದು. ಸೆರೆಯಾಳು ತಪ್ಪಿಸಿಕೊಂಡರೆ ಕಾವಲುಗಾರನ ತಲೆಗೇ ಬರುತ್ತಿದ್ದ ಕಾಲವದು. ಅವರ ಲೆಕ್ಕದಲ್ಲಿ ಅದು ಭದ್ರತಾ ಕ್ರಮ. ಆಗ ಅದೇ ಶತಾಧಿಪತಿ ಅಡ್ಡ ಬಂದ. ಈಜು ಬಲ್ಲವರು ಮೊದಲು ಹಾರಲಿ, ಉಳಿದವರು ಹಲಗೆ ಹಿಡ್ಕೊಂಡು ಬರಲಿ ಎಂದು ಅಪ್ಪಣೆ ಕೊಟ್ಟ. ಹಡಗಿನಲ್ಲಿದ್ದ 276 ಮಂದಿಯೂ ಸುರಕ್ಷಿತವಾಗಿ ದಡ ಸೇರಿದರು. ಸೆರೆಯಾಳುಗಳನ್ನು ಅವನು ಬಿಟ್ಟುಕೊಡಲಿಲ್ಲ. ಮುಂದೆ ಪೌಲರು ರೋಮಿಗೆ ಹೋದದ್ದು ಕಾವಲಿನಲ್ಲೇ. ಕರ್ತವ್ಯವನ್ನೂ ಬಿಡದೆ, ಮನುಷ್ಯರನ್ನೂ ಬಿಡದೆ ನಡೆದುಕೊಳ್ಳಬಹುದೆಂದು ಆ ಅನ್ಯಜನಾಂಗದ ಅಧಿಕಾರಿ ತೋರಿಸಿಕೊಟ್ಟ.

2025ರ ಜೂನ್ 9ರಂದು ಕೇರಳದ ಕಡಲಿನಲ್ಲಿ 'ವಾನ್ ಹಾಯ್ 503' ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಬದುಕುಳಿದ ಹದಿನೆಂಟು ಮಂದಿಯನ್ನು ಅದೇ ರಾತ್ರಿ ಕರೆತಂದದ್ದು ನಮ್ಮ ಮಂಗಳೂರಿಗೆ. ನಮ್ಮ ಭಾಷೆ ಬಾರದ, ಸುಟ್ಟ ಗಾಯಗಳ ಆ ಪರದೇಶದವರಿಗೆ ನಮ್ಮ ಬಂದರಿನ ಗೇಟು ತೆರೆಯಿತು, ಆಸ್ಪತ್ರೆಯ ಬಾಗಿಲು ತೆರೆಯಿತು. ಯಾವ ನಿಯಮವೂ ಅಡ್ಡ ಬರಲಿಲ್ಲ. ನಿಯಮ ಇರುವುದೇ ಅದಕ್ಕಾಗಿ.

1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಆರಂಭವಾದ ನಾವಿಕರ ಸೇವಾಕಾರ್ಯ ಇಂದು 'ಸ್ಟೆಲ್ಲಾ ಮಾರಿಸ್', ಅಂದರೆ ಸಮುದ್ರದ ನಕ್ಷತ್ರ, ಎಂಬ ಹೆಸರಿನಲ್ಲಿ ಜಗತ್ತಿನ ಅನೇಕ ಬಂದರುಗಳಲ್ಲಿ ನಡೆಯುತ್ತಿದೆ. ಅದರ ಗುರುಗಳೂ ಸ್ವಯಂಸೇವಕರೂ ಗುರುತುಚೀಟಿ ತೋರಿಸಿ, ಪುಸ್ತಕದಲ್ಲಿ ಸಹಿ ಹಾಕಿ, ಹಡಗಿನ ಏಣಿ ಹತ್ತುತ್ತಾರೆ. ಇಳಿಯಲಾಗದವನ ಬಳಿಗೆ ಅವರೇ ಹೋಗುತ್ತಾರೆ. ಒಂದು ಕಾಲದಲ್ಲಿ ಆ ತಾಯಿಯ ಚಿತ್ರ ಬಲವಂತದ ಕಾಗದದ ಮೇಲಿತ್ತು. ಇಂದು ಅವರ ಹೆಸರು ಹೊತ್ತವರು ನಾವಿಕನ ಕ್ಷೇಮ ಕೇಳಲು ಬರುತ್ತಾರೆ. ಇತಿಹಾಸ ನಮಗೆ ಕೊಟ್ಟಿರುವ ಪ್ರಾಯಶ್ಚಿತ್ತದ ಅವಕಾಶ ಇದೆಂದು ನಾವು ತಿಳಿಯುತ್ತೇವೆ.

ಆ ಯುವಕ ಈಗ ಮತ್ತೆ ಹಡಗಿನಲ್ಲಿದ್ದಾನೆ. ಅವನ ತಾಯಿ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಈ ಸಮುದ್ರ ಭಾನುವಾರ ನಮ್ಮ ಪ್ರಾರ್ಥನೆಯಲ್ಲಿ ನಾವಿಕರನ್ನೂ ಮೀನುಗಾರರನ್ನೂ ನೆನೆಯೋಣ. ಏಣಿಯ ಬಳಿ ನಿಂತ ಕಾವಲುಗಾರನನ್ನೂ, ಗೇಟಿನ ಬೀಗದ ಕೈ ಹಿಡಿದ ಅಧಿಕಾರಿಯನ್ನೂ ಮರೆಯದಿರೋಣ. ಆ ಶತಾಧಿಪತಿಯ ವಿವೇಕ ಅವರಿಗೂ ಸಿಗಲಿ.